ಹುಳದ ಮನೆಯ ಬಾಗಿಲಲ್ಲಿ ಅನ್ನಿಸಿದ್ದು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ‘ಅನ್ನಿಸುವುದು’ ಎಂಬ ಮಾತಿನ ಅರ್ಥ ಹೇಳಿಕೊಟ್ಟವಳು ನನ್ನ ಅಕ್ಕ.

ದೊಡ್ಡಬಳ್ಳಾಪುರದ ಹತ್ತಿರ ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳದ ಮನೆ ಅಕ್ಕನ ಕೈಯಲ್ಲಿತ್ತು. ಹುಳದ ತಟ್ಟೆ ನೋಡುವ ಮೊದಲೇ ಬಾಗಿಲಲ್ಲಿ ನಿಂತು, “ಹುಳ ಯಾಕೋ ಸಪ್ಪಗವೆ” ಅನ್ನುತ್ತಿದ್ದಳು. ಒಳಗೆ ಹೋದರೆ ಹಾಗೇ ಇರುತ್ತಿತ್ತು.

“ಹೆಂಗೆ ಗೊತ್ತಾಯ್ತಕ್ಕ?”

“ಅನ್ನಿಸ್ತು.”

“ಯಾರು ಅನ್ನಿಸಿದ್ದು, ಹುಳಾನಾ?”

“ನಗು ಲೇ ನಗು. ಮಗೂಗೆ ತಿನ್ನಿಸ್ತೀವಲ್ಲ, ಹಂಗೇ ಇದೂವೆ. ತಿನ್ನೋ ಹಂಗೆ ಮಾಡೋದು ತಿನ್ನಿಸೋದು, ಅನ್ನೋ ಹಂಗೆ ಮಾಡೋದು ಅನ್ನಿಸೋದು. ಒಳಗೆ ಯಾರೋ ಕೂತ್ಕೊಂಡು ನಮ್ ಬಾಯಿ ತೆಗೆಸ್ತಾರೆ. ಅಂದ್ಬಿಡ್ಬೇಕು ಕಣೋ, ನುಂಗ್ಕೋಬಾರ್ದು.”

ಹೋದ ಚಳಿಗಾಲ ಪಕ್ಕದೂರಿನ ಸಾವಿಗೆ ಹೋಗಿದ್ದವನು ಬೆಳಿಗ್ಗೆ ಹಿಂತಿರುಗಿದೆ. ಅವ್ವ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಹುಳಕ್ಕೆ ಚಳಿ ತಾಗದಿರಲೆಂದು ಅಕ್ಕ ಕಿಟಕಿಗಳಿಗೆ ಗೋಣಿತಾಟು ಬಿಗಿದು, ಬಾಂಡಲಿಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ರಾತ್ರಿ ಅಲ್ಲೇ ಮಲಗಿದ್ದಳು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದೆವು.

“ಅಕ್ಕಾ” ಎಂದೆ.

ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಹುಳದ ಮನೆ ಹೊಕ್ಕರೆ ಹುಳ ಕೆಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನನ್ನ ದನಿ ಕೇಳಿದರೆ ಸಾಕು, ಅಕ್ಕ ಒಳಗಿನಿಂದಲೇ “ದೂರ ನಿಂತ್ಕೊಳೋ, ಮೈ ತೊಳ್ಕೊಂಡು ಬಾ” ಎಂದು ಕೂಗಬೇಕಿತ್ತು. ಕೂಗಲಿಲ್ಲ.

ಅಕ್ಕನಿಗೆ ಏನೋ ಆಗಿದೆ ಎಂದು ನನಗೆ ಅನ್ನಿಸಿತು. ಸ್ಪಷ್ಟವಾಗಿ ಅನ್ನಿಸಿತು. ಕೈ ಬಾಗಿಲ ತನಕ ಹೋಯಿತು. ಹಿಂದಿನ ಸಲ ಹುಳದ ಬೆಳೆ ಕೆಟ್ಟಾಗ, ನಾನು ಕಾಲು ತೊಳೆಯದೆ ಒಳಗೆ ಹೋಗಿದ್ದೇ ಕಾರಣವೆಂದು ಮನೆಯವರೆಲ್ಲ ಬೈದಿದ್ದರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಬಚ್ಚಲಿಗೆ ಹೋಗಿ ಹಂಡೆಗೆ ಉರಿ ಹಾಕಿದೆ. ಸೌದೆ ಹಸಿ, ಹತ್ತಲೊಲ್ಲದು. ಊದುತ್ತಾ ಬಹಳ ಹೊತ್ತು ಕೂತೆ. ತಣ್ಣೀರನ್ನಾದರೂ ಸುರಿದುಕೊಳ್ಳಬಹುದಿತ್ತು ಎಂಬುದು ಆಮೇಲೆ ಹೊಳೆಯಿತು. ನೀರು ಕಾಯಿಸುವ ನೆಪದಲ್ಲಿ ನಾನು ಆ ಬಾಗಿಲಿನಿಂದ ತಪ್ಪಿಸಿಕೊಳ್ಳುತ್ತಿದ್ದೆ.

ಮಿಂದು ಒದ್ದೆ ಮೈಯಲ್ಲೇ ಓಡಿ ಬಾಗಿಲು ತಳ್ಳಿದಾಗ ಅಕ್ಕ ಚಾಪೆಯ ಮೇಲೆ ಬಿದ್ದಿದ್ದಳು. ಪಕ್ಕದಲ್ಲಿ ವಾಂತಿ. ಕೆಂಡ ಇನ್ನೂ ಕೆಂಪಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, “ಮುಚ್ಚಿದ ಕೋಣೆಲಿ ಇದ್ದಿಲ ವಿಷಗಾಳಿ ಕುಡಿದಿದ್ದಾರೆ. ಯಾವಾಗ ನೋಡಿದ್ರಿ?” ಎಂದರು.

“ಬಂದ ತಕ್ಷಣ” ಎಂದೆ. ಅವ್ವನಿಗೂ ಅದನ್ನೇ ಹೇಳಿದೆ.

ಅಕ್ಕ ಬದುಕಿದಳು. ಈಗ ಸೊಪ್ಪು ಹಾಕುವಾಗ ಅವಳ ಕೈ ನಡುಗುತ್ತದೆ. ಹಾಕಿದ ತಟ್ಟೆಗೇ ಮತ್ತೆ ಹಾಕುತ್ತಾಳೆ. ಬಾಗಿಲಲ್ಲಿ ನಿಂತು ಏನೂ ಹೇಳುವುದಿಲ್ಲ. “ಹುಳ ಹೆಂಗವೆ ನೋಡೋ” ಎಂದು ನನ್ನನ್ನೇ ಕೇಳುತ್ತಾಳೆ. ಅವಳು ಒಳಗಿದ್ದು ಸದ್ದಿಲ್ಲದಿದ್ದರೆ ಸುಮ್ಮಸುಮ್ಮನೆ ಬಾಗಿಲು ತಳ್ಳುತ್ತೇನೆ.

ಮೊನ್ನೆ ತಡೆಯಲಾರದೆ, ಆ ಬೆಳಿಗ್ಗೆ ಬಾಗಿಲಿಂದ ಹಿಂದಕ್ಕೆ ಹೋಗಿದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ಅಕ್ಕ ಸೊಪ್ಪಿನ ದಂಟು ಮುರಿಯುತ್ತಾ ಕೇಳಿಸಿಕೊಂಡಳು.

“ಸ್ನಾನ ಮಾಡ್ದೆ ಬಂದಿದ್ರೆ ನಾನೇ ಬೈತಿದ್ದೆ ಬಿಡೋ” ಎಂದಳು.

ಬೈಯಲು ಅವಳಿಗೆ ಎಚ್ಚರವಿರಬೇಕಿತ್ತಲ್ಲ. ಅವಳಿಗೆ ಎಚ್ಚರವಿಲ್ಲವೆಂದು ಆ ಬಾಗಿಲಲ್ಲಿ ನಿಂತಾಗಲೇ ನನಗೆ ಗೊತ್ತಿತ್ತು.