ಇಬ್ಬರ ಬೆಂಚು

"ಒಬ್ರೇ ಕೂರೋ ಹಾಗಿಲ್ಲ" ಅಂದಳು ಗ್ಯಾಲರಿಯ ಹುಡುಗಿ, ಬಗ್ಗಿ ಬಗ್ಗಿ ಸುಮಿಮಾಸೆನ್, ಕ್ಷಮಿಸಿ ಅನ್ನುತ್ತಾ.

ಭಾನುವಾರ ರೂಮಿನಲ್ಲಿ ಇರಲಾರದೆ ಯೋಕೋಹಾಮಾದ ಈ ಪ್ರದರ್ಶನಕ್ಕೆ ನುಗ್ಗಿದ್ದೆ. ಎದುರಿಗಿದ್ದದ್ದು ಒಬ್ಬ ಜಪಾನಿ ಕಲಾವಿದ, ಒಬ್ಬ ಕೊರಿಯನ್ ಕಲಾವಿದೆ ಸೇರಿ ಮಾಡಿದ ಬೆಂಚು. ಅರ್ಧ ಆ ದೇಶದ ಮರ, ಅರ್ಧ ಈ ದೇಶದ್ದು, ನಡುವೆ ಒಂದೇ ಕಾಲು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಮಾತ್ರ ನಿಲ್ಲುತ್ತದೆ. ಒಬ್ಬರು ಎದ್ದರೆ ಇನ್ನೊಬ್ಬರು ಬೀಳುತ್ತಾರೆ. ಅದಕ್ಕೇ, ಹೇಳಿ ಏಳಬೇಕು ಅಂತ ಬೋರ್ಡು.

"ನೀವೇ ಜೊತೆಗೆ ಕೂತ್ಕೊಳ್ಳಿ" ಅಂದೆ. ಡ್ಯೂಟಿಯಲ್ಲಿ ಕೂರುವ ಹಾಗಿಲ್ಲವಂತೆ!

ಮೂಲೆಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದರು. "ನಾನು ಬರ್ತೀನಿ. ಬೆಳಿಗ್ಗೆಯಿಂದ ನನ್ನನ್ನೂ ಇದರ ಮೇಲೆ ಕೂರಿಸಿಲ್ಲ. ನಿಯಮ ಮಾಡಿದವಳೇ ನಾನು" ಎಂದು ತಡವರಿಸುವ ಜಪಾನಿಯಲ್ಲಿ ಹೇಳಿದರು. ಆ ಕೊರಿಯನ್ ಕಲಾವಿದೆ ಇವರೇ. ಜೊತೆಗಾರ, ಆ ಜಪಾನಿ ಕಲಾವಿದ ತಾನಾಕಾ ಸಾನ್, ಆಸ್ಪತ್ರೆಯಲ್ಲಿದ್ದರಂತೆ.

"ಹೇಳದೆ ಎದ್ದು ಹೋಗೋದು ಅವರ ಚಾಳಿ. ಅದಕ್ಕೇ ಈ ನಿಯಮ" ಅಂದರು.

ಕೂತೆವು. ಅವರ ಬೆನ್ನು ಬೆಚ್ಚಗಿತ್ತು. ಈ ದೇಶಕ್ಕೆ ಬಂದ ಮೇಲೆ ಒಂದು ಜೀವ ನನಗೆ ಒರಗಿದ್ದು ಅದೇ ಮೊದಲು. ಇಬ್ಬರೂ "ಏಳ್ತೀನಿ" ಅನ್ನಲಿಲ್ಲ. ಮುಚ್ಚುವ ಹೊತ್ತಾಯಿತು ಅಂತ ಹುಡುಗಿಯೇ ಬಂದು ಎಬ್ಬಿಸಬೇಕಾಯಿತು.

ವಾಪಸ್ ಟ್ರೈನಿನಲ್ಲಿ ಜನ ನಿಂತಿದ್ದರು. ನನ್ನ ಪಕ್ಕದ ಸೀಟು ಮಾತ್ರ ಎಂದಿನಂತೆ ಖಾಲಿ. ವಿದೇಶಿಯ ಪಕ್ಕ ಇಲ್ಲಿ ಬೇಗ ಯಾರೂ ಕೂರುವುದಿಲ್ಲ. ನಾನಿಳಿಯುವ ಕಾವಾಸಾಕಿ ಸ್ಟೇಷನ್ ಬಂದಾಗ ಆ ಖಾಲಿ ಸೀಟಿಗೇ, ಅಚ್ಚ ಕನ್ನಡದಲ್ಲಿ, "ಏಳ್ತೀನಿ" ಅಂದು ಎದ್ದೆ.

ಯಾರೂ ಬೀಳಲಿಲ್ಲ.