ಸೊರಬದ ಸರ್ವರ್ ಮತ್ತು ನಮ್ಮ ಮೇಡಂ

ಮೇಡಂ ಅವರ ಎಡ ಮುಂಗೈ ಹಗ್ಗ ಸುತ್ತಿದಂತೆ ಉಬ್ಬಿಕೊಂಡಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ್ದ ಜಾಗ. ಮುಟ್ಟಿದರೆ ಒಳಗೆ ಗುಂಯ್ ಎನ್ನುವುದು ಬೆರಳಿಗೆ ತಿಳಿಯುತ್ತಿತ್ತು. ಆ ಕೈಯನ್ನು ದಿಂಬಿನ ಮೇಲಿಟ್ಟು, ಬಲಗೈಯೊಂದರಲ್ಲೇ ಲ್ಯಾಪ್‌ಟಾಪ್ ಒತ್ತುತ್ತಿದ್ದರು.

ಡಿಪ್ಲೊಮಾದಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರು. ಕಿಡ್ನಿ ಕೈಕೊಟ್ಟ ಮೇಲೆ ಶಿಕಾರಿಪುರದಲ್ಲಿ ಒಂದು ಟ್ರಸ್ಟ್ ನಡೆಸುವ ಡಯಾಲಿಸಿಸ್ ಕೇಂದ್ರಕ್ಕೆ ದಿನ ಬಿಟ್ಟು ದಿನ ಬರುತ್ತಿದ್ದರು. ಅಲ್ಲಿಗೂ ಸೊರಬದ ಶಾಖೆಗೂ ರೋಗಿಗಳ ವಿವರ ಇಡುವ ಸರ್ವರ್‌ಗಳನ್ನು ಮಲಗಿದ್ದಲ್ಲಿಂದಲೇ ಸಿದ್ಧಮಾಡಿದರು. ಯಾರೋ ದಾನ ಕೊಟ್ಟ ಅಂಗೈಯಗಲದ ಪೆಟ್ಟಿಗೆಗಳು. ಮೆಮೊರಿ ತೀರಾ ಕಡಿಮೆ. ಅವನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೇಡಂ ಹೆಚ್ಚು ನೀರು ಕುಡಿಯುವಂತಿಲ್ಲ; ಸರ್ವರ್‌ಗೆ ಇನ್ನೇನಾದರೂ ಸೇರಿಸೋಣ ಎಂದರೆ ಐಸ್ ಚೂರು ಚೀಪುತ್ತಲೇ ಬೈಯುತ್ತಿದ್ದರು: "ಏನು ಬೇಕು ಅಂತ ಆಮೇಲೆ ಹೇಳು ಮಾರಾಯ್ತಿ. ಏನಿಲ್ದೆ ನಡೀತದೆ, ಅದನ್ನ ಮೊದ್ಲು ಹೇಳು."

ಒಂದು ಬೆಳಿಗ್ಗೆ ಸೊರಬದ ಸರ್ವರ್ ನಿಂತುಹೋಯಿತು. ಅಲ್ಲಿನ ನರ್ಸ್ ಹೊಸಬಳು, ಅಳುವ ದನಿಯಲ್ಲಿ ನನಗೆ ಫೋನ್ ಮಾಡಿದಳು. "ಅಕ್ಕಾ, ಜಡೆ ಊರಿಂದ ಬಂದ ಅಜ್ಜಾರಿಗೆ ಉಸಿರು ಸಿಗ್ತಿಲ್ಲ ಕಣ್ರೀ. ಮೈಯೆಲ್ಲ ನೀರು ತುಂಬ್ಕಂಡದೆ. ಹಿಂದೊಮ್ಮೆ ನೀರು ಜಾಸ್ತಿ ತೆಗೆದು ಪ್ರಾಣಕ್ಕೇ ಬಂದಿತ್ತಂತೆ. ಹಳೇ ವಿವರ ನೋಡ್ದೆ ಡಯಾಲಿಸಿಸ್ ಶುರು ಮಾಡ್ಬೇಡ ಅಂತಾರೆ ಡಾಕ್ಟ್ರು. ಏನ್ಮಾಡ್ಲಿ?"

ಮೇಡಂ ಆಗ ಶಿಕಾರಿಪುರದಲ್ಲಿ ಡಯಾಲಿಸಿಸ್ ಮೆಷಿನ್‌ಗೆ ಕೈ ಜೋಡಿಸಿಕೊಂಡು ಮಲಗಿದ್ದರು. ನಾನು ಪಕ್ಕದ ಸ್ಟೂಲಿನಲ್ಲಿ. ದೂರದಿಂದ ಲಾಗಿನ್ ಆಗಲು ಎಷ್ಟು ಸಲ ಪ್ರಯತ್ನಿಸಿದರೂ ಪರದೆ ಕಪ್ಪಗೇ ಇತ್ತು. ನರ್ಸ್ ಕರೆಂಟ್ ತೆಗೆದು ಹಾಕಿದರೆ ಸ್ವಲ್ಪ ಹೊತ್ತು ಉಸಿರಾಡಿ ಮತ್ತೆ ನಿಲ್ಲುತ್ತಿತ್ತು. ಆ ಸ್ವಲ್ಪ ಹೊತ್ತಿನಲ್ಲಿ ಕಂಡದ್ದು ಇಷ್ಟು: ಎಲ್ಲೆಲ್ಲಿಂದಲೋ ಯಂತ್ರಗಳು ಪಾಸ್‌ವರ್ಡ್ ಊಹಿಸುತ್ತಾ ಲಾಗಿನ್ ಕೇಳುತ್ತಿದ್ದವು; ದೂರದ ಲಾಗಿನ್‌ಗೆಂದು ನಾವು ಹಾಕಿದ್ದ ದೊಡ್ಡ ಎಸ್‌ಎಸ್‌ಎಚ್ ತಂತ್ರಾಂಶ ಒಂದೊಂದಕ್ಕೂ ಜಾಗ ಕೊಡಹೋಗಿ, ಇದ್ದಷ್ಟು ಮೆಮೊರಿಯೂ ಮುಗಿಯುತ್ತಿತ್ತು.

"ಅದ್ರ ಬದ್ಲು ಡ್ರಾಪ್‌ಬೇರ್ ಹಾಕು. ಅದೂ ಅದೇ ಕೆಲ್ಸ ಮಾಡುತ್ತೆ, ಆದ್ರೆ ಸಣ್ಣದು, ಮೆಮೊರಿ ಕಡಿಮೆ ತಿನ್ನುತ್ತೆ. ಪಾಸ್‌ವರ್ಡ್ ಬಂದ್ ಮಾಡು, ಡಿಜಿಟಲ್ ಕೀ ಇದ್ದೋರಿಗೆ ಮಾತ್ರ ಪ್ರವೇಶ," ಎಂದರು ಮೇಡಂ.

"ಅದ್ರಲ್ಲಿ ಫೈಲ್ ಕಳ್ಸೋ ಎಸ್‌ಎಫ್‌ಟಿಪಿ ಇಲ್ಲ ಮೇಡಂ. ಬ್ಯಾಕಪ್ ನಿಲ್ತದೆ."

"ಬ್ಯಾಕಪ್ ನಾಳೆ ನೋಡೋಣ. ಅಜ್ಜ ಇವತ್ತು ಬದುಕಬೇಕಲ್ವೇನೇ?"

ನರ್ಸ್ ಇನ್ನೊಮ್ಮೆ ಸ್ವಿಚ್ ಹಾಕಿದಳು. ಒಳಗೆ ಹೋದೆ. ಹೊಸದನ್ನು ಹಾಕಿ ಹಳೆಯದನ್ನು ನಿಲ್ಲಿಸಲು ಬೆರಳಿಟ್ಟಾಗ ಮೇಡಂ ನನ್ನ ಮಣಿಕಟ್ಟು ಹಿಡಿದರು. "ತಡಿ. ಹೊಸದನ್ನ ಬೇರೆ ಪೋರ್ಟ್ ನಂಬರಲ್ಲಿ ಓಡ್ಸು. ಅದ್ರಲ್ಲಿ ಒಳಗೆ ಹೋಗಿ ನೋಡು. ಆಮೇಲೆ ಹಳೇದನ್ನ ನಿಲ್ಸು. ಎರಡೂ ಹೋದ್ರೆ ಯಾರೂ ಒಳಗೆ ಹೋಗಕ್ಕಾಗಲ್ಲ."

ಅಷ್ಟರಲ್ಲಿ ಅವರ ಮೆಷಿನ್ ಕೂಗಿತು. ಬಿಪಿ ಇಳಿದಿತ್ತು. ನಮ್ಮ ಕಡೆಯ ನರ್ಸ್ ಓಡಿ ಬಂದು ತಲೆಯ ಕಡೆ ತಗ್ಗಿಸಿದಳು. ಮೇಡಂ ತುಟಿ ಬೆಳ್ಳಗಾಗಿತ್ತು, ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ನಾನು ಲ್ಯಾಪ್‌ಟಾಪ್ ಬಿಟ್ಟು ಎದ್ದೆ.

"ಕೂತ್ಕೋ," ಎಂದರು ಕಣ್ಣು ಮುಚ್ಚಿಕೊಂಡೇ. "ನನ್ನ ನೋಡಾಕೆ ಇವಳಿದ್ದಾಳೆ. ಅಲ್ಲಿಗೆ ನೀನೊಬ್ಳೇ."

ಕೂತೆ. ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ತಪ್ಪಾಗಿ ಟೈಪ್ ಮಾಡಿದೆ. ಕೊನೆಗೆ ಹೊಸದರಲ್ಲಿ ಒಳಹೊಕ್ಕು ಹಳೆಯದನ್ನು ನಿಲ್ಲಿಸಿದೆ. ಸರ್ವರ್ ಮತ್ತೆ ನಿಲ್ಲಲಿಲ್ಲ. ಅಜ್ಜರ ವಿವರ ಸಿಕ್ಕಿತು, ಫೋನಿನಲ್ಲಿ ಓದಿ ಹೇಳಿದೆ. ಅಜ್ಜ ಅಂದು ಉಳಿದರು; ಮೇಡಂ ಬಿಪಿಯೂ ಅಷ್ಟರಲ್ಲಿ ಸರಿಯಾಗಿತ್ತು.

ಮೇಡಂಗೆ ಮಾತ್ರ ಹೊಂದುವ ಕಿಡ್ನಿ ಸಿಗಲೇ ಇಲ್ಲ. ಕಾಯುತ್ತಾ ಕಾಯುತ್ತಾ ಸೊರಗಿ, ಒಂದು ಮಧ್ಯಾಹ್ನ ಮನೆಯಲ್ಲೇ ತೀರಿಕೊಂಡರು. ಅದೇ ವಾರ, ಸರದಿಗಾಗಿ ಕಾದಿದ್ದ ಉಳವಿಯ ಹೆಂಗಸೊಬ್ಬರಿಗೆ ಅವರ ಹಾಸಿಗೆ ಕೊಟ್ಟರು. ಸರ್ವರ್‌ನಲ್ಲಿ ಆ ಹಾಸಿಗೆಯ ಹೆಸರು ಬದಲಿಸಬೇಕಾದವಳು ನಾನೇ.

ಆಕೆ ಮೊದಲ ದಿನ ಹೆದರಿ ಸುತ್ತ ನೋಡಿದರು. "ನೀವು ಇಲ್ಲಿ ನರ್ಸೇನ್ರೀ?"

"ಅಲ್ಲಮ್ಮಾ. ಮೇಡಂ ಶಿಷ್ಯೆ."

"ಯಾವ ಮೇಡಮ್ಮು?" ಎಂದು ಕೇಳಿದರು.

ಸ್ಟೂಲು ಎಳೆದುಕೊಂಡು ಕುಳಿತು ಹೇಳತೊಡಗಿದೆ.