ಹುನ್ನೂರಿನ ರೊಟ್ಟಿಗಂಟು

ಸೋಮವಾರ ಮಧ್ಯಾಹ್ನ ಹುನ್ನೂರಿನ ಕಡೆಯಿಂದ ಬನಹಟ್ಟಿಗೆ ಬರುವ ಬಸ್ಸಿನಲ್ಲಿ ನಮಗೊಂದು ಗಂಟು ಬರುತ್ತಿತ್ತು. ಹಳೆಯ ಧೋತರದ ತುಂಡಿನಲ್ಲಿ ಬಿಗಿದು ಕಟ್ಟಿದ ಖಡಕ್ ಜೋಳದ ರೊಟ್ಟಿ. ಎಂಟು ದಿನ ಇಟ್ಟರೂ ಕೆಡದ ರೊಟ್ಟಿ. ಕಂಡಕ್ಟರ್ ಅದನ್ನು ನನ್ನ ಕೈಗೆ ಕೊಡುತ್ತ, "ನಿಮ್ಮ ಬೀಗರ ಬುತ್ತಿ ಬಂತು ನೋಡ್ರಿ" ಎಂದು ನಗುತ್ತಿದ್ದ. ಎಲ್ಲಿಯ ಬೀಗರು! ನಮ್ಮವ್ವ ಜಮಖಂಡಿ ಕೋರ್ಟಿನಲ್ಲಿ ಹಾಕಿದ್ದ ಅಪಘಾತ ಪರಿಹಾರದ ಕೇಸಿನಲ್ಲಿ ಆ ರೊಟ್ಟಿ ಕಳಿಸುವವನು ಎದುರುದಾರ.

ಅವ್ವ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ಹೊಟ್ಟೆ ತುಂಬಿಸಿದ್ದೂ ನನ್ನನ್ನು ಓದಿಸಿದ್ದೂ ಆ ಮಗ್ಗವೇ. ಕಬ್ಬಿನ ಹಂಗಾಮಿನ ಒಂದು ಸಂಜೆ ಅವಳು ನೇಯ್ದ ಸೀರೆ ಕೊಟ್ಟು ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದಳು. ದೊಡ್ಡದಾಗಿ ಹಾಡು ಹಚ್ಚಿಕೊಂಡು, ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ತಿರುವಿನಲ್ಲಿ ಹಿಂದಿನ ಟ್ರೇಲರ್ ಅವಳ ಬಲ ಭುಜಕ್ಕೆ ಬಡಿಯಿತು. ಎಲುಬೇನೋ ಕೂಡಿತು, ಆದರೆ ಕೈ ಎದೆಮಟ್ಟಕ್ಕಿಂತ ಮೇಲೆ ಏಳದಾಯಿತು, ಬೆರಳಿನ ಬಲವೂ ಹೋಯಿತು. ಮಗ್ಗದ ಸದ್ದು ನಿಂತಿತು. ಆ ಸದ್ದಿಲ್ಲದ ಮನೆಯಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಟ್ರ್ಯಾಕ್ಟರ್ ನಡೆಸಿದವನು ಹುನ್ನೂರಿನ ಕಡೆಯ ಕುರಿಗಾರರ ಮನೆತನದವ. ಟ್ರ್ಯಾಕ್ಟರ್ ಬೇರೆಯವರದು, ಅವನದು ಬರೀ ಕೂಲಿ. ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಹಿರಿಯರು, "ಕೋರ್ಟ್ ಕಚೇರಿ ಯಾಕ್ರಿ, ನಮ್ಮ ನಮ್ಮೊಳಗ ಮುಗಿಸೂಣು" ಎಂದು ಶುರು ಮಾಡಿದರು. ಅವನೇ ಅವರ ಮಾತು ತಡೆದ.

"ಕೇಸ್ ಹಾಕ್ರಿ ಯವ್ವಾ. ಗಾಡಿಗೆ ವಿಮಾ ಐತಿ, ನಾ ಬ್ಯಾಡ ಅನ್ನೂದಿಲ್ಲ. ನನ್ನ ಕಡಿಂದ ಇಷ್ಟ. ನಿಮ್ಮ ಕೈ ನೆಟ್ಟಗಾಗೂತನಕಾ ನಿಮ್ಮ ಮನಿ ರೊಟ್ಟಿ ನಂದು." ಸೊಂಟದ ಚೀಲದಿಂದ ಭಂಡಾರ ತೆಗೆದು ಹಿಡಿದುಕೊಂಡೇ ಇದನ್ನು ಹೇಳಿದ. ಭಂಡಾರವೆಂದರೆ ಅವರ ದೇವರು ಬೀರಪ್ಪನ ಅರಿಶಿನ. ಅದನ್ನು ಮುಟ್ಟಿ ಆಡಿದ ಮಾತಿಗೆ ಅವರಲ್ಲಿ ಮೇಲ್ಮನವಿ ಇಲ್ಲ.

"ರೊಟ್ಟಿ ಕೊಟ್ರ ಭುಜ ಬರತೈತೇನು?" ಎಂದು ನಾನು ಸಿಡುಕಿದೆ. ನನ್ನ ಮೂಗಿನ ತುದಿಯ ಸಿಟ್ಟು ಊರಿಗೇ ಗೊತ್ತು.

"ನೀ ಸುಮ್ನಿರ" ಎಂದು ಅವ್ವ ಅವನ ಸಲುವಾಗಿ ಚಹಾ ಮಾಡಲು ಹೇಳಿದಳು. ಮಾಡಬೇಕಾದವಳು ನಾನೇ. ಸಕ್ಕರೆ ಕಡಿಮೆ ಹಾಕಿದೆ.

ಆಮೇಲೆ ಶುರುವಾದವು ಜಮಖಂಡಿಯ ತಾರೀಖುಗಳು. ಈಗ ನೆನೆದರೆ ಕೇಸಿಗಿಂತ ಹೆಚ್ಚಾಗಿ ಆ ಹಾದಿಯೇ ನೆನಪಾಗುತ್ತದೆ. ಕಿಟಕಿ ಪಕ್ಕದ ಸೀಟು, ಅವ್ವನ ಎಲೆ ಅಡಿಕೆ ಚೀಲ, ಕೋರ್ಟಿನ ಹೊರಗಿನ ಬೇವಿನ ಗಿಡದ ನೆರಳು. ಅವ್ವ ನನಗೆ ಒತ್ತಿ ಕುಳಿತು ಅಷ್ಟು ಹೊತ್ತು ಮಾತಾಡಿದ್ದು ಆ ದಿನಗಳಲ್ಲೇ. ಮನೆಯಲ್ಲಿದ್ದಾಗ ಅವಳಿಗೆ ಮಗ್ಗ ಬಿಟ್ಟು ಏಳಲು ಪುರುಸೊತ್ತೆಲ್ಲಿ ಇತ್ತು?

ಎದುರುದಾರನೂ ಅದೇ ಗಿಡದ ಕೆಳಗೆ ಬರುತ್ತಿದ್ದ. ಮಧ್ಯಾಹ್ನವಾದರೆ ಟವೆಲ್ ಹಾಸಿ ಬುತ್ತಿ ಬಿಚ್ಚುತ್ತಿದ್ದ. ತಾರೀಖಿನ ದಿನ ಮೆತ್ತನೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ಮೊದಮೊದಲು ಮುಖ ತಿರುವಿ ಕೂರುತ್ತಿದ್ದೆ. ಕಡೆಗೆ ಆ ಎಣ್ಣೆಗಾಯಿಯ ವಾಸನೆ ನನ್ನ ಸಿಟ್ಟನ್ನು ಸೋಲಿಸಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ಬಡಿಸುತ್ತಿದ್ದ, ನಾವು ಉಣ್ಣುತ್ತಿದ್ದೆವು.

ನಮ್ಮ ವಕೀಲರು ನೋಡಿ ತಲೆ ಚಚ್ಚಿಕೊಂಡರು. "ಏನ್ ಮಾಡಾಕತ್ತೀರಿ ಅವ್ವಾರ? ಎದುರ ಪಾರ್ಟಿ ಜೋಡಿ ಕುಂತು ಉಣ್ಣತಾರೇನು? ವಿಮಾದವರು ನೋಡಿದ್ರ ಕೇಸ್ ಕೆಡತೈತಿ."

"ಹಸದಾಗ ಪಾರ್ಟಿ ನೋಡಾಕ ಆಗತೈತೇನ್ರಿ ಸಾಹೇಬ್ರ?" ಎಂದಳು ಅವ್ವ.

ವಿಮೆಯವರು ನೋಡಿಯೇ ಬಿಟ್ಟರು. ಅವ್ವ ಸಾಕ್ಷಿಕಟ್ಟೆ ಏರಿದ ದಿನ ಕಂಪನಿಯ ವಕೀಲರು ಎದ್ದು ನಿಂತು ಕೇಳಿದರು: "ನೀವು ಈ ಚಾಲಕನ ಜೊತೆ ಕೂತು ಊಟ ಮಾಡುತ್ತೀರಿ, ಹೌದೋ ಅಲ್ಲೋ?"

"ಹೌದ್ರಿ."

"ನಿಮ್ಮ ಕೈ ಮುರಿದವನ ರೊಟ್ಟಿ ಯಾರಾದರೂ ತಿನ್ನುತ್ತಾರೆಯೇ? ನೀವು ಎಲ್ಲೋ ಬಿದ್ದಿರಿ. ಪರಿಹಾರದ ಆಸೆಗೆ ಇಬ್ಬರೂ ಕೂಡಿ ಈ ಸುಳ್ಳು ಕೇಸು ಹಾಕಿದ್ದೀರಿ ಎಂದರೆ ಸರಿಯೇ?"

ಪರಿಹಾರ ಬಂದರೆ ಮಗ್ಗಕ್ಕೆ ಬೇರೆ ಯಾರನ್ನಾದರೂ ಕೂರಿಸಿ ನೇಯಿಸಬಹುದಿತ್ತು. ಬಾರದಿದ್ದರೆ ಮಗ್ಗ ಬಿಚ್ಚಿ ಮಾರುವುದೊಂದೇ ದಾರಿ. ಒಂದು ತುತ್ತು ಎಣ್ಣೆಗಾಯಿಗೆ ಮಗ್ಗ ಹೋಯಿತಲ್ಲ ಎಂದು ನಾನು ಕಣ್ಣು ಮುಚ್ಚಿದೆ.

ಅವ್ವ ಸಿಟ್ಟಾಗಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವ ಧಾಟಿಯಲ್ಲಿ ಹೇಳಿದಳು: "ನನಗ ರೊಟ್ಟಿ ಬಡಿಯಾಕ ಬರೂದಿಲ್ಲರಿ ಈಗ. ಅದಕ್ಕ ಅಂವನ ಹೇಣ್ತಿ ಬಡದು ಕೊಡತಾಳ." ಹಾಗೆ ಹೇಳುತ್ತ, ರೊಟ್ಟಿ ಬಡಿಯುವುದು ಹೇಗೆಂದು ತೋರಿಸಲು ಎರಡೂ ಕೈ ಮುಂದೆ ತಂದಳು. ಎಡಗೈ ಗಾಳಿಯಲ್ಲಿ ತಟ್ಟಿತು. ಬಲಗೈ ಅರ್ಧಕ್ಕೆ ಬಂದು ನಿಂತಿತು. ನ್ಯಾಯಾಧೀಶರು ಬರೆಯುವುದನ್ನು ಬಿಟ್ಟು ಆ ಕೈಯನ್ನೇ ನೋಡಿದರು. ಕಂಪನಿಯ ವಕೀಲರು, "ಬೇರೆ ಪ್ರಶ್ನೆ ಇಲ್ಲ" ಎಂದು ಕೂತರು.

ಮುಂದಿನ ಲೋಕ ಅದಾಲತ್ತಿಗೆ ಕಂಪನಿಯವರೇ ರಾಜಿಗೆ ಬಂದರು. ಕೇಳಿದ್ದಕ್ಕಿಂತ ಕಡಿಮೆ, ಆದರೆ ಮತ್ತೆ ಮೇಲಿನ ಕೋರ್ಟಿಗೆ ಅಲೆಯುವುದು ತಪ್ಪಿತು. ಅವ್ವ ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದಳು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ನಾವು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಮಗ್ಗ ಉಳಿಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಅವ್ವ ಅವನಿಗೆ, "ಕೋರ್ಟಿಂದ ಮುಗೀತಪಾ. ಇನ್ನ ರೊಟ್ಟಿ ಸಾಕ ಮಾಡು" ಎಂದಳು.

"ಕೈ ನೆಟ್ಟಗಾತೇನ್ರಿ?"

"ಆತ ನೋಡು" ಎಂದು ಅವ್ವ ಬಲಗೈ ಮೇಲೆತ್ತಿದಳು. ಸೆರಗಿನ ಒಳಗಿಂದ ಎಡಗೈ ಅದನ್ನು ಎತ್ತಿ ಹಿಡಿದಿತ್ತು.

"ಎಡಗೈ ಬಿಟ್ಟು ಎತ್ರಿ ಯವ್ವಾ" ಎಂದು ಅವನು ನಕ್ಕ. ಮೂವರೂ ನಕ್ಕೆವು. ಸೋಮವಾರ ಗಂಟು ಬಂತು. ಅದರ ಮುಂದಿನ ಸೋಮವಾರವೂ ಬಂತು.

ಅವ್ವ ಹೋದ ವರ್ಷ ತೀರಿಕೊಂಡಳು. ಗಂಡ ಹೆಂಡತಿ ಇಬ್ಬರೂ ಮಣ್ಣಿಗೆ ಬಂದು ಅತ್ತು ಹೋದರು. ಇನ್ನೇನು ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮುಂದಿನ ಸೋಮವಾರ ಮಧ್ಯಾಹ್ನ ಕಂಡಕ್ಟರ್ ನಗದೆ ಗಂಟನ್ನು ನನ್ನ ಕೈಗಿಟ್ಟ. ನಾನು ಫೋನು ಮಾಡಿದೆ.

"ಅಣ್ಣಾ, ಅವ್ವನೇ ಹೋದಳು. ಇನ್ನ ಯಾರ ಸಲುವಾಗಿ ರೊಟ್ಟಿ?"

ಆ ಕಡೆಯಿಂದ ಅವನೆಂದ: "ಕೈ ನೆಟ್ಟಗಾಗಲೇ ಇಲ್ಲಲ್ಲ, ತಂಗಿ."